ಕಣ್ಣು ಬಿಟ್ಟ ಸೀತಾಫಲ

ಮಳೆಗಾಲ ಹಿಂದೆ ಸರಿದು ಆಶ್ವಯುಜದ ಬಿಸಿಲು ಹದವಾಗಿ ಬೀಳುವ ಹೊತ್ತಿಗೆ ನಮ್ಮ ಬಯಲುಸೀಮೆಯ ಸಂತೆಗಳಿಗೆ ಸೀತಾಫಲ ಬರುತ್ತದೆ. ಮಾವಿಗಿರುವ ರಾಜಮರ್ಯಾದೆ ಇದಕ್ಕಿಲ್ಲ. ಹಲಸಿನಂತೆ ದೂರದಿಂದಲೇ ಕರೆಯುವ ಪರಿಮಳವೂ ಇಲ್ಲ. ಬಿದಿರುಬುಟ್ಟಿಯಲ್ಲಿ ಸೊಪ್ಪು ಹಾಸಿ ಹಳ್ಳಿಯ ಹೆಂಗಸರು ತಂದು ಮಾರುತ್ತಾರೆ. ಮಹಾನವಮಿಯಿಂದ ದೀಪಾವಳಿಯವರೆಗೆ ಅದರ ಸುಗ್ಗಿ. ಸೀತೆಯ ಹೆಸರನ್ನೇ ಹೊತ್ತ ಈ ಹಣ್ಣು ಮೂಲತಃ ನಮ್ಮ ನಾಡಿನದಲ್ಲವೆಂದರೆ ಓದುಗರಲ್ಲಿ ಕೆಲವರಿಗಾದರೂ ಬೇಸರವಾದೀತು.

ಇದರ ತವರು ಅಮೆರಿಕ ಖಂಡದ ಉಷ್ಣವಲಯ. ಪೋರ್ಚುಗೀಸರ ಕಾಲದಲ್ಲಿ ಇಲ್ಲಿಗೆ ಬಂದಿತೆಂಬುದು ವಿದ್ವಾಂಸರಲ್ಲಿ ಬಹುಮಂದಿಯ ಮತ. ಅಲೆಕ್ಸಾಂಡರ್ ಕನ್ನಿಂಗ್‌ಹ್ಯಾಮ್ ಮಾತ್ರ 1879ರಲ್ಲಿ ಪ್ರಕಟವಾದ ತಮ್ಮ ಭರ್ಹುತ್ ಸ್ತೂಪದ ಗ್ರಂಥದಲ್ಲಿ, ಅಲ್ಲಿನ ಶಿಲ್ಪಗಳಲ್ಲಿ ಸೀತಾಫಲವಿದೆಯೆಂದು ವಾದಿಸಿದರು. ಕಲ್ಲಿನಲ್ಲಿ ಕೊರೆದ ಉಬ್ಬುತಗ್ಗಿನ ಕಾಯಿ ಹಲಸೂ ಆಗಬಹುದಷ್ಟೆ! ನನ್ನಂಥ ಭಾಷೆಯ ಉಪಾಧ್ಯಾಯನಿಗೆ ಕಲ್ಲಿಗಿಂತ ಮಾತಿನ ಸಾಕ್ಷ್ಯವೇ ಹೆಚ್ಚು ರುಚಿಸುತ್ತದೆ. ಬಂಗಾಳಿಯಲ್ಲಿ ಇದು 'ಆತಾ', ಮಲೆಯಾಳದಲ್ಲಿ 'ಆತ್ತಚ್ಚಕ್ಕ'. ಪೋರ್ಚುಗೀಸರ ಬಾಯಲ್ಲಿ 'ಅತ'. ಹಣ್ಣಿನ ಜೊತೆಗೆ ಹೆಸರೂ ಹಡಗಿಳಿದದ್ದು ಇಲ್ಲಿ ಸ್ಪಷ್ಟ. ಕನ್ನಡ, ತೆಲುಗು, ಮರಾಠಿಗಳು ಆ ಹೆಸರನ್ನು ಒಲ್ಲದೆ ಬಂದವಳಿಗೆ ಸೀತೆಯೆಂದು ನಾಮಕರಣ ಮಾಡಿದವು. 'ಶೀತಫಲ'ವೇ ಸೀತಾಫಲವಾಯಿತೆನ್ನುವವರೂ ಉಂಟು. ಹಣ್ಣು ತಂಪೆಂಬ ನಂಬಿಕೆ ಅದಕ್ಕೆ ಆಧಾರ. ಹಾಗಾದರೆ ಅದೇ ಕುಲದ, ರಾಮನವಮಿಯ ಸುಮಾರಿಗೆ ಹಣ್ಣಾಗುವ ರಾಮಫಲಕ್ಕೆ ಏನು ವ್ಯುತ್ಪತ್ತಿ ಹೇಳೋಣ? ವನವಾಸದಲ್ಲಿ ಸೀತಮ್ಮ ಉಂಡ ಹಣ್ಣು ಎಂದು ನಮ್ಮ ತಾಯಿ ಹೇಳುತ್ತಿದ್ದರು. ಚರಿತ್ರೆಗೆ ಇದು ಒಪ್ಪದು. ಆದರೂ ಹೆಸರಿನ ಹಿಂದಿನ ಮನಸ್ಸು ಅದೇ ಎಂದು ನನ್ನ ಎಣಿಕೆ. ಕಲ್ಲುಗುಡ್ಡದಲ್ಲಿ, ನೀರು ಹೊಯ್ಯುವವರಿಲ್ಲದೆ, ಆಡುಗಳೂ ಬಾಯಿ ಹಾಕದ ಎಲೆಗಳ ನಡುವೆ ಬೆಳೆಯುವ ಹಣ್ಣಿಗೆ ಬೇರೆ ಯಾರ ಹೆಸರು ಒಪ್ಪೀತು?

ಇನ್ನು ಹಣ್ಣಿನ ರಚನೆ. 1753ರಲ್ಲಿ ಲಿನೇಯಸ್ ಇದಕ್ಕೆ 'ಅನೋನ ಸ್ಕ್ವಾಮೋಸ' ಎಂದು ಹೆಸರಿಟ್ಟ. ಸ್ಕ್ವಾಮೋಸ ಎಂದರೆ ಹುರುಪೆಯುಳ್ಳದ್ದು. ಹುರುಪೆಯೆಂದು ಅವನು ಕರೆದದ್ದನ್ನು ನಮ್ಮ ಜನ 'ಕಣ್ಣು' ಎಂದರು. ಒಂದೊಂದು ಕಣ್ಣೂ ಒಂದೊಂದು ಪ್ರತ್ಯೇಕ ಅಂಡಾಶಯದಿಂದ ಬೆಳೆದದ್ದು. ಹೀಗೆ ಒಂದೇ ಹೂವಿನ ಹಲವು ಅಂಡಾಶಯಗಳು ಕೂಡಿಕೊಂಡು ಒಂದು ಹಣ್ಣಾಗುತ್ತವೆ. ತಲೆತಗ್ಗಿಸಿದ ಆ ಹಸಿರು ಹೂವಿನಲ್ಲಿ ಹೆಣ್ಣುಭಾಗ ಮೊದಲು ಸಿದ್ಧವಾಗುತ್ತದೆ. ಪರಾಗ ಉದುರುವುದು ಆಮೇಲೆ. ಆದುದರಿಂದ ಬೇರೆ ಹೂವಿನ ಪರಾಗವನ್ನು ಸಣ್ಣ ಜೀರುಂಡೆಗಳು ಹೊತ್ತು ತರಬೇಕು. ಎಷ್ಟೋ ಹೂಗಳು ಕಾಯಾಗದೆ ಉದುರುತ್ತವೆ. ಕೆಲವು ಅಂಡಾಶಯಗಳಿಗಷ್ಟೇ ಪರಾಗ ಸಿಕ್ಕಿತೋ, ಹಣ್ಣು ಒಂದು ಕಡೆ ಉಬ್ಬಿ ಇನ್ನೊಂದು ಕಡೆ ಸೊಟ್ಟಗಾಗುತ್ತದೆ.

ನಮ್ಮ ತಾಯಿ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಚಿತ್ರದುರ್ಗದ ಕಡೆಯ ಹಳ್ಳಿಯಲ್ಲಿ ಬಾಳಿದವರು. ಗುಡ್ಡಕ್ಕೆ ಸೌದೆಗೆ ಹೋದವರು ಮಡಿಲಲ್ಲಿ ಕಾಯಿ ತರುತ್ತಿದ್ದರು. ಅವರು ಕೀಳುತ್ತಿದ್ದುದು ಕಣ್ಣು ಬಿಟ್ಟ ಕಾಯಿಯನ್ನು ಮಾತ್ರ. ಕಣ್ಣು ಬಿಡುವುದೆಂದರೆ, ಬಲಿತ ಕಾಯಿಯ ಕಣ್ಣುಗಳು ಒಂದರಿಂದೊಂದು ದೂರ ಸರಿದು ನಡುವಿನ ಗೆರೆ ಬೆಣ್ಣೆಯ ಬಣ್ಣಕ್ಕೆ ತಿರುಗುವುದು. ಅದಕ್ಕೆ ಮುಂಚೆ ಕಿತ್ತದ್ದು ಸರಿಯಾಗಿ ಹಣ್ಣಾಗುವುದಿಲ್ಲ, ಕಪ್ಪಾಗಿ ಕಲ್ಲಾಗುತ್ತದೆ. ತಂದವನ್ನು ರಾಗಿಯ ಗುಡಾಣದಲ್ಲಿ ಹೂಳುವರು. ಮೂರು ನಾಲ್ಕು ದಿನ ನಾವು ಮಕ್ಕಳು ಆ ಗುಡಾಣದ ಸುತ್ತಲೇ ಸುಳಿದಾಡುತ್ತಿದ್ದೆವು. ಕದ್ದು ಕೈಹಾಕಿದರೆ ಮೊಣಕೈವರೆಗೆ ಹತ್ತಿದ ರಾಗಿಯೇ ಚಾಡಿ ಹೇಳುತ್ತಿತ್ತು.

ಕಡೆಗಾಲದಲ್ಲಿ ಅವರ ದೃಷ್ಟಿ ಪೂರ್ತಿ ಹೋಯಿತು. ಆಗಲೂ ಸಂತೆಯ ಬುಟ್ಟಿಯನ್ನು ಮುಂದಿಟ್ಟರೆ, ಹೆಬ್ಬೆರಳನ್ನು ಕಣ್ಣುಗಳ ನಡುವಿನ ಗೆರೆಯಲ್ಲಿ ಆಡಿಸಿ, "ಇದು ಇವತ್ತಿಗೆ, ಇದು ನಾಳೆಗೆ, ಇದು ಶನಿವಾರಕ್ಕೆ" ಎಂದು ವಿಂಗಡಿಸಿ ಇಡುತ್ತಿದ್ದರು. ಶನಿವಾರದ್ದು ಶನಿವಾರವೇ ಹಣ್ಣಾಗುತ್ತಿತ್ತು. ಅವರು ತೀರಿಕೊಂಡ ಮೇಲೆ ನಮ್ಮ ಮನೆಗೆ ತಂದ ಹಣ್ಣಿನಲ್ಲಿ ಕಾಲುಭಾಗ ಕೊಳೆತೇ ಹೋಗುತ್ತದೆ. ಹೂವಿನ ಶಾಸ್ತ್ರವನ್ನು ನಾನು ಓದಿ ತಿಳಿದೆ. ಆ ಹೆಬ್ಬೆರಳಿನ ವಿದ್ಯೆ ಮನೆಯಲ್ಲಿ ಯಾರಿಗೂ ಬರಲಿಲ್ಲ.

ಬೀಜದ ವಿಷಯದಲ್ಲಿ ಅವರು ಬಲು ಕಠಿಣ. ಅಂದಿನ ದಿನಗಳಲ್ಲಿ ಹೇನಿಗೆ ಬೀಜವನ್ನು ಅರೆದು ಹಚ್ಚುವ ರೂಢಿಯಿತ್ತು. ಅರೆಯುವಾಗ ಮಕ್ಕಳನ್ನು ಅಂಗಳದಿಂದಲೇ ಅಟ್ಟುತ್ತಿದ್ದರು. ಭಯ ಸುಳ್ಳಲ್ಲ. ಬೀಜದ ಪುಡಿ ಕಣ್ಣಿಗೆ ಬಿದ್ದು ಕರಿಗುಡ್ಡೆಯ ಮೇಲ್ಪದರಕ್ಕೆ ಗಾಯವಾದ ಪ್ರಕರಣಗಳನ್ನು ನಮ್ಮ ದೇಶದ ನೇತ್ರವೈದ್ಯರು ದಾಖಲಿಸಿದ್ದಾರೆ. ಓದುಗರು ಈ ಹಳೆಯ ಮದ್ದಿನ ಗೊಡವೆಗೆ ಹೋಗಬಾರದು. ಹೇನಿಗೆ ಬೇರೆ ಔಷಧಗಳು ಸಿಗುತ್ತವೆ. ಅಕಸ್ಮಾತ್ ಪುಡಿ ಕಣ್ಣಿಗೆ ಬಿದ್ದರೆ ಧಾರಾಳವಾಗಿ ನೀರಿನಿಂದ ತೊಳೆದು ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು.

ಈಗ ಪೇಟೆಯಲ್ಲಿ ದೊಡ್ಡ ಕಣ್ಣಿನ, ಬೀಜ ಕಡಿಮೆಯಿರುವ ಹಣ್ಣೂ ದೊರೆಯುತ್ತದೆ. ಅದರಲ್ಲಿ 'ಅರ್ಕಾ ಸಹನ್' ಎಂಬುದು ಬೆಂಗಳೂರಿನ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ರೂಪಿಸಿದ ಮಿಶ್ರತಳಿ. ತಿರುಳು ಹೆಚ್ಚು, ಬಹಳ ಸಿಹಿ; ಗುಡ್ಡದ ಹಣ್ಣಿನ ಮರಳುಮರಳಾದ ರುಚಿ ಮಾತ್ರ ನನಗೆ ಅದರಲ್ಲಿ ಸಿಗಲಿಲ್ಲ. ಯಾವುದನ್ನೇ ಕೊಂಡರೂ ಕಾಯಿಯನ್ನು ಶೀತಕದ ಪೆಟ್ಟಿಗೆಯಲ್ಲಿ ಇಡಬೇಡಿ. ಚಳಿಗೆ ಸಿಪ್ಪೆ ಕಪ್ಪಾಗಿ ಒಳಗು ಹಣ್ಣಾಗದೆ ಉಳಿಯುತ್ತದೆ. ರಾಗಿಯ ಗುಡಾಣ ಇಲ್ಲದಿದ್ದರೆ ಅಕ್ಕಿಯ ಡಬ್ಬಿಯೂ ಆದೀತು. ಎರಡನೆಯ ದಿನದಿಂದ ಮುಟ್ಟಿ ನೋಡುತ್ತಿರಿ. ಒತ್ತಬೇಡಿ, ಗೆರೆಯಲ್ಲಿ ಬೆರಳಾಡಿಸಿದರೆ ಸಾಕು.