ಒಂದು ಸೆಕೆಂಡಿನ ತಕರಾರು, ಲಕ್ಷ ಎಕರೆಯ ನೆಲ

ನಾಗಪುರ ಜಿಲ್ಲೆಯ ಸಾವನೇರ್‌ನ ನೆಲದಡಿ ಇರುವ ಕಲ್ಲಿದ್ದಲಿಗೆ 25 ಕೋಟಿ ವರ್ಷಕ್ಕೂ ಹೆಚ್ಚು ವಯಸ್ಸು, ಡೈನೋಸಾರ್‌ಗಳಿಗಿಂತ ಹಿರಿದು! ಇದ್ದಲಿರುವ ಇಂಥ ಜಮೀನನ್ನು ಕೇಂದ್ರ ಸರ್ಕಾರ ವಶಪಡಿಸಿಕೊಳ್ಳಲು 1957ರ ಪ್ರತ್ಯೇಕ ಕಾಯ್ದೆಯೇ ಇದೆ. ಸ್ವಾಧೀನದ ಇರಾದೆ ಗೆಜೆಟ್‌ನಲ್ಲಿ ಪ್ರಕಟವಾದ ಮೇಲೆ ತಕರಾರು ಸಲ್ಲಿಸಲು ಜಮೀನಿನ ಒಡೆಯನಿಗೆ ಸಿಗುವುದು 30 ದಿನ. ಇದ್ದಲಿನ ವಯಸ್ಸನ್ನು ನೂರು ವರ್ಷದ ಆಯುಷ್ಯಕ್ಕೆ ಕುಗ್ಗಿಸಿ ನೋಡಿ: ಆ 30 ದಿನ ಬರೀ ಒಂದು ಸೆಕೆಂಡ್!

ಕಾಲದ ಲೆಕ್ಕ ಇದಾದರೆ, ಎಕರೆಯ ಲೆಕ್ಕಕ್ಕೆ ಕರ್ನಾಟಕಕ್ಕೇ ಬನ್ನಿ. ದೇವನಹಳ್ಳಿ ತಾಲ್ಲೂಕಿನಲ್ಲಿ ರಾಜ್ಯ ಸರ್ಕಾರ ಕೇಳಿದ್ದು 1,777 ಎಕರೆ. 240 ಎಕರೆಯ ಲಾಲ್‌ಬಾಗನ್ನು ಏಳು ಸಲ ಹಾಸಿದರೂ ಜಾಗ ಮಿಗುತ್ತದೆ. ರೈತರು ಮೂರು ವರ್ಷಕ್ಕೂ ಹೆಚ್ಚು ಕಾಲ ಧರಣಿ ಕೂತರು; 2025ರ ಜುಲೈನಲ್ಲಿ ಸರ್ಕಾರ ಹಿಂದೆ ಸರಿಯಿತು.

ಆಲಮಟ್ಟಿ ಅಣೆಕಟ್ಟಿನ ಮುಂದೆ ಅದೂ ಚಿಲ್ಲರೆ. ಜಲಾಶಯದ ಮಟ್ಟವನ್ನು 519.6 ಮೀಟರ್‌ನಿಂದ 524.256ಕ್ಕೆ ಏರಿಸಬೇಕು. ಏರಿಕೆ ಐದು ಮೀಟರೂ ಇಲ್ಲ. ಅಷ್ಟಕ್ಕೇ ಮುಳುಗುವುದು 75,563 ಎಕರೆ! ಕಾಲುವೆ, ಪುನರ್ವಸತಿ ಎಲ್ಲ ಸೇರಿ ಬೇಕಾದದ್ದು 1,33,867 ಎಕರೆ. ಅಂದರೆ 75 ದೇವನಹಳ್ಳಿ. ಅಂದರೆ ಸುಮಾರು 76,000 ಫುಟ್‌ಬಾಲ್ ಮೈದಾನ. ಅವನ್ನು ಒಂದರ ತುದಿಗೆ ಇನ್ನೊಂದಿಟ್ಟು ಜೋಡಿಸುತ್ತ ಹೋದರೆ ಬೆಂಗಳೂರಿನಲ್ಲಿ ಶುರುವಾದ ಸಾಲು ಲಂಡನ್ನಿನ ಹತ್ತಿರ ಮುಗಿಯುತ್ತದೆ!

ಇನ್ನು ದುಡ್ಡು. 2025ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸಂಪುಟ ಒಪ್ಪಿದ ಪರಿಹಾರ ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ, ಒಣಭೂಮಿಗೆ 30 ಲಕ್ಷ ರೂಪಾಯಿ. ಒಟ್ಟು ಅಂದಾಜು 70,000 ಕೋಟಿ. ಐನೂರರ ನೋಟಿನಲ್ಲಿ ಎಣಿಸಿದರೆ 140 ಕೋಟಿ ನೋಟು. ಉದ್ದುದ್ದಕ್ಕೆ ಸಾಲಾಗಿ ಇಟ್ಟರೆ ಭೂಮಿಗೆ ಐದು ಸುತ್ತು ಹಾಕಿಯೂ ಉಳಿಯುತ್ತದೆ.

ಇಷ್ಟು ನೆಲಕ್ಕೆ ಸಂವಿಧಾನದ ಕಾವಲು ಎಷ್ಟು? ಆಸ್ತಿ ಹಕ್ಕು ಒಂದು ಕಾಲಕ್ಕೆ ಮೂಲಭೂತ ಹಕ್ಕಾಗಿತ್ತು. 1978ರ 44ನೇ ತಿದ್ದುಪಡಿ ಅದನ್ನು ಆ ಪಟ್ಟಿಯಿಂದ ತೆಗೆದು 300ಎ ವಿಧಿಗೆ ಸಾಗಿಸಿತು. ಕಾನೂನಿನ ಬಲವಿಲ್ಲದೆ ಯಾರ ಆಸ್ತಿಯನ್ನೂ ಕಿತ್ತುಕೊಳ್ಳುವಂತಿಲ್ಲ ಎನ್ನುವ ಆ ವಿಧಿ ಇಂಗ್ಲಿಷಿನಲ್ಲಿ ಒಂದೇ ವಾಕ್ಯ, 13 ಪದ. ಆಲಮಟ್ಟಿಯ ನೆಲವನ್ನು ಅವುಗಳಿಗೆ ಹಂಚಿ: ಒಂದೊಂದು ಪದ ಹತ್ತು ಸಾವಿರ ಎಕರೆಗೂ ಹೆಚ್ಚು ಕಾಯಬೇಕು!