ಐದಕ್ಕೆ ಐದು ಕೊಟ್ಟು ಬಾಯಿ ಕಟ್ಟಿಕೊಂಡೆ

ಕೆಲಸಕ್ಕೆ ಸೇರಿ ಐದು ತಿಂಗಳಾಗಿತ್ತು. ಬೆಂಗಳೂರಿನ ಕಾಲ್ ಸೆಂಟರ್ ಒಂದರಲ್ಲಿ ನಮ್ಮದು ಎಂಟು ಜನರ ತಂಡ. ಒಂದು ದಿನ ಎಚ್‌ಆರ್‌ನಿಂದ ಮೇಲ್ ಬಂತು: ‘ನಿಮ್ಮ ಟೀಮ್ ಲೀಡರ್‌ಗೆ ಅಂಕ ಕೊಡಿ. ಹೆಸರು ಗೋಪ್ಯವಾಗಿರುತ್ತದೆ.’

ಕಾಲೇಜಿನಲ್ಲಿ ಸೆಮಿಸ್ಟರ್ ಕೊನೆಗೆ ಮೇಷ್ಟ್ರಿಗೂ ಹೀಗೇ ಅಂಕ ಕೊಡುತ್ತಿದ್ದೆವು. ಅಲ್ಲಿ ನಾನು ಅರವತ್ತರಲ್ಲಿ ಒಬ್ಬಳು, ಇಲ್ಲಿ ಎಂಟರಲ್ಲಿ ಒಬ್ಬಳು. ಭಯವಾಯಿತು.

ನಮ್ಮ ಲೀಡರ್ ಕೆಟ್ಟವರಲ್ಲ. ಆದರೆ ವಾರದ ಶಿಫ್ಟ್ ಪಟ್ಟಿ ಕಳಿಸುತ್ತಿದ್ದುದು ಭಾನುವಾರ ರಾತ್ರಿ ಹತ್ತಕ್ಕೆ. ಬುಧವಾರ ವೀಕ್ ಆಫ್ ಎಂದುಕೊಂಡು ಅಕ್ಕನ ಸೀಮಂತಕ್ಕೆ ಹಾಸನದ ಟಿಕೆಟ್ ತೆಗೆಸಿದ್ದೆ. ಪಟ್ಟಿ ನೋಡಿದರೆ ಅಂದೇ ಡ್ಯೂಟಿ!

‘ತಂಡದ ಕೆಲಸವನ್ನು ಮೊದಲೇ ಯೋಜಿಸುತ್ತಾರೆಯೇ?’ ಎಂಬ ಪ್ರಶ್ನೆ ಬಂದಾಗ ಕೈ ತಡೆಯಿತು. ಪಕ್ಕದ ಸೀಟಿನ ಗೆಳತಿ, ‘ಸುಮ್ನೆ ಐದು ಒತ್ತು ಕಣೆ, ಅಪ್ರೈಸಲ್ ಅವರ ಕೈಲೇ ಇದೆ’ ಎಂದಳು. ಒತ್ತಿದೆ. ಹದಿನೈದೂ ಪ್ರಶ್ನೆಗೆ ಐದಕ್ಕೆ ಐದು.

ತಿಂಗಳಾದ ಮೇಲೆ ಮೀಟಿಂಗಿನಲ್ಲಿ ಫಲಿತಾಂಶ ತೋರಿಸಿದರು: 4.8. ‘ನಿಮಗೇನೂ ತೊಂದರೆ ಇಲ್ಲ ಅಂತ ತಿಳಿದು ಖುಷಿಯಾಯ್ತು’ ಎಂದರು ಲೀಡರ್. ಆ ಭಾನುವಾರವೂ ಪಟ್ಟಿ ಬಂದದ್ದು ಹತ್ತಕ್ಕೇ. ದೂರಲು ನನಗೆ ಬಾಯಿರಲಿಲ್ಲ.

ಅದೇ ಬೇಸರದಲ್ಲಿ ಇಂಥ ಸಮೀಕ್ಷೆಗಳ ಬಗ್ಗೆ ಹುಡುಕಿ ಓದಿದೆ. ಎಚ್‌ಸಿಎಲ್ ಟೆಕ್ನಾಲಜೀಸ್ ಮುಖ್ಯಸ್ಥರಾಗಿದ್ದ ವಿನೀತ್ ನಾಯರ್, ತಮ್ಮ ಬಗ್ಗೆ ಬಂದ ಅಭಿಪ್ರಾಯಗಳನ್ನು ನೌಕರರೆಲ್ಲ ನೋಡುವಂತೆ ಕಂಪನಿಯ ಒಳಜಾಲದಲ್ಲೇ ಹಾಕಿದ್ದರು. ಗೂಗಲ್ ಕಂಪನಿ ಇಂಥ ಉತ್ತರಗಳನ್ನೂ ಜಾಲಾಡಿ ಒಳ್ಳೆಯ ಮ್ಯಾನೇಜರ್‌ನ ಎಂಟು ಗುಣಗಳನ್ನು ಪಟ್ಟಿ ಮಾಡಿತ್ತು. ಎಲ್ಲರೂ ನನ್ನಂತೆ ಐದು ಒತ್ತಿದ್ದರೆ ಅವರಿಗೆ ಏನು ಸಿಗುತ್ತಿತ್ತು?

ನಮ್ಮ ಮೇಲ್‌ನ ಕೊನೆಯ ಸಾಲನ್ನೂ ಆಗಲೇ ಓದಿದ್ದು. ಐದಕ್ಕಿಂತ ಕಡಿಮೆ ಜನ ಉತ್ತರಿಸಿದರೆ ತಂಡದ ಅಂಕ ಲೀಡರ್‌ಗೆ ಕಾಣುವುದಿಲ್ಲ. ಬರೆದ ಮಾತು ಮಾತ್ರ ಬರೆದಂತೆಯೇ ತಲುಪುತ್ತದೆ.

ಆರು ತಿಂಗಳಿಗೆ ಮತ್ತೆ ಲಿಂಕ್ ಬಂತು. ಸೀಮಂತದ ಕಥೆ ಬರೆದರೆ ನಾನೇ ಎಂದು ಗೊತ್ತಾಗುತ್ತಿತ್ತು. ಒಂದೇ ಸಾಲು ಬರೆದೆ: ‘ಶಿಫ್ಟ್ ಪಟ್ಟಿ ಎರಡು ದಿನ ಮೊದಲೇ ಸಿಕ್ಕರೆ ಅನುಕೂಲ.’ ಯೋಜನೆಗೆ ಎರಡು ಅಂಕ ಕೊಟ್ಟೆ. ತಾಳ್ಮೆಯಿಂದ ಕೆಲಸ ಕಲಿಸುವುದಕ್ಕೆ ಐದು ಕೊಟ್ಟೆ, ಅದೂ ನಿಜವೇ. ಕಳಿಸುವಾಗ ಬೆರಳು ನಡುಗಿತು.

ಮೊದಲ ಕೆಲಸಕ್ಕೆ ಹೊರಟವರಿಗೆ ನಾನು ಹೇಳುವುದಿಷ್ಟೇ: ವ್ಯಕ್ತಿಯನ್ನು ಬೈಯಬೇಡಿ, ಬದಲಾಗಬೇಕಾದ ಕೆಲಸವನ್ನು ಬರೆಯಿರಿ.

ಈಗ ಪಟ್ಟಿ ಶುಕ್ರವಾರ ಸಂಜೆಯೇ ಬರುತ್ತದೆ. ನನ್ನೊಬ್ಬಳ ಸಾಲಿನಿಂದಲೋ, ಉಳಿದವರೂ ಬರೆದಿದ್ದರೋ ಗೊತ್ತಿಲ್ಲ. ಅಕ್ಕನ ಮಗುವಿನ ಅನ್ನಪ್ರಾಶನಕ್ಕಂತೂ ಹೋಗಿಬಂದೆ.