ಓಟಗಾರರು ಮೂಡುಬಿದಿರೆಗೇ ಯಾಕೆ ಹೋಗುತ್ತಾರೆ?

ವಾಮಂಜೂರಿನ ಸೇಂಟ್ ಜೋಸೆಫ್ ಎಂಜಿನಿಯರಿಂಗ್ ಕಾಲೇಜಿಗೆ ಮಕ್ಕಳು ಯಾಕೆ ಸೇರುತ್ತಾರೆ ಎಂದು ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಸಿಇಟಿ ರ‍್ಯಾಂಕು, ಶುಲ್ಕ, ಕ್ಯಾಂಪಸ್ ಸೆಲೆಕ್ಷನ್: ಆ ಲೆಕ್ಕ ಮನೆಮನೆಗೂ ಗೊತ್ತು. ಅಲ್ಲಿಂದ ರಾಷ್ಟ್ರೀಯ ಹೆದ್ದಾರಿ 169ರಲ್ಲಿ ಗುರುಪುರ, ಕೈಕಂಬ, ಎಡಪದವು, ಮಿಜಾರು ದಾಟಿ 25 ಕಿ.ಮೀ. ಆಸುಪಾಸು ಹೋದರೆ ಸಿಗುವ ಮೂಡುಬಿದಿರೆಯಲ್ಲಿ ಇನ್ನೊಂದು ಬಗೆಯ ಪ್ರವೇಶ ನಡೆಯುತ್ತದೆ. ಹೈಸ್ಕೂಲು ಮುಗಿಸಿದ ಓಟಗಾರರು, ಜಾವೆಲಿನ್ ಎಸೆಯುವವರು, ಕಬಡ್ಡಿ, ಕೊಕ್ಕೊ, ಬಾಲ್ ಬ್ಯಾಡ್ಮಿಂಟನ್ ಆಡುವವರು ಊರು ಬಿಟ್ಟು, ಕೆಲವರು ರಾಜ್ಯವನ್ನೇ ಬಿಟ್ಟು, ಆಳ್ವಾಸ್ ಸಂಸ್ಥೆಗಳಿಗೆ ಬರುತ್ತಾರೆ. ಕಾರಣ ಕೇಳಿದರೆ ಮೂರು ಉತ್ತರ ಸಿದ್ಧವಾಗಿರುತ್ತವೆ: ಸ್ವರಾಜ್ಯ ಮೈದಾನದ ಸಿಂಥೆಟಿಕ್ ಟ್ರ್ಯಾಕ್, ಕ್ರೀಡಾ ದತ್ತು ಯೋಜನೆಯ ಉಚಿತ ಊಟ-ವಸತಿ-ಶಿಕ್ಷಣ, ಸಂಸ್ಥಾಪಕ ಡಾ. ಎಂ. ಮೋಹನ ಆಳ್ವರ ಆಸಕ್ತಿ. ಮೂರೂ ನಿಜವೇ. ಆದರೆ ಮಂಗಳೂರಿನ ಮಂಗಳಾ ಕ್ರೀಡಾಂಗಣದಲ್ಲೂ ಸಿಂಥೆಟಿಕ್ ಟ್ರ್ಯಾಕ್ ಇದೆ, ಸರ್ಕಾರದ ಕ್ರೀಡಾ ಹಾಸ್ಟೆಲುಗಳಲ್ಲೂ ಊಟ ಉಚಿತ. ಆದ್ದರಿಂದ ಈ ಉತ್ತರಗಳು ಸಾಲವು.

ಅಮೆರಿಕದ ಬ್ಯಾಸ್ಕೆಟ್‌ಬಾಲ್ ಹುಡುಗನೊಬ್ಬ ಡ್ಯೂಕ್ ಅಥವಾ ಕೆಂಟಕಿ ವಿಶ್ವವಿದ್ಯಾಲಯವನ್ನು ಆರಿಸುವಾಗ ಅವನ ಕಣ್ಣೆದುರು ಇರುವುದು ಎನ್‌ಬಿಎ. ಕಾಲೇಜು ಅಲ್ಲಿಗೆ ಹೋಗುವ ಮೆಟ್ಟಿಲು. 2021ರ ಜುಲೈಯಿಂದ ಕಾಲೇಜಿನಲ್ಲಿರುವಾಗಲೇ ತನ್ನ ಹೆಸರು, ಮುಖ ಬಳಸಿ ಜಾಹೀರಾತಿನ ಹಣ ಗಳಿಸಲೂ ಅವನಿಗೆ ಅವಕಾಶ ಸಿಕ್ಕಿದೆ. ಹಾವೇರಿಯ ರೈತನ ಮಗಳೊಬ್ಬಳು 400 ಮೀಟರ್ ಓಡುತ್ತಾಳೆ ಎಂದುಕೊಳ್ಳಿ. ಅವಳ ಮುಂದೆ ಇರುವುದು ರೈಲ್ವೆ, ಅಂಚೆ, ಪೊಲೀಸು, ಆದಾಯ ತೆರಿಗೆ ಇಲಾಖೆ. ಕೇಂದ್ರ ಸರ್ಕಾರದ ಕ್ರೀಡಾ ಕೋಟಾದ ನೇಮಕಾತಿಗೆ ನಮೂನೆಗಳಿವೆ. ದೇಶವನ್ನು ಪ್ರತಿನಿಧಿಸಿದವರಿಗೆ ಫಾರ್ಮ್ 1, ರಾಜ್ಯವನ್ನು ಪ್ರತಿನಿಧಿಸಿದವರಿಗೆ ಫಾರ್ಮ್ 2, ಅಂತರ ವಿಶ್ವವಿದ್ಯಾಲಯ ಕೂಟದಲ್ಲಿ ವಿಶ್ವವಿದ್ಯಾಲಯದ ಪರ ಆಡಿದವರಿಗೆ ಫಾರ್ಮ್ 3, ರಾಷ್ಟ್ರೀಯ ಶಾಲಾ ಕೂಟದಲ್ಲಿ ಆಡಿದವರಿಗೆ ಫಾರ್ಮ್ 4. ಭಾರತ ತಂಡದ ಬಾಗಿಲು ಬಹಳ ಕಿರಿದು. ರಾಜ್ಯ ತಂಡದ ಆಯ್ಕೆ ಒಂದು ದಿನದ ಟ್ರಯಲ್ಸ್ ಮೇಲೆ ನಿಂತಿರುತ್ತದೆ. ಅಂದು ಸ್ನಾಯು ಹಿಡಿದುಕೊಂಡರೆ ಮುಗಿಯಿತು. ವಿಶ್ವವಿದ್ಯಾಲಯ ತಂಡಕ್ಕಾದರೆ ಪದವಿಯ ಪ್ರತಿ ವರ್ಷವೂ ಹೊಸ ಅವಕಾಶ. ಕ್ರೀಡಾ ವಿಭಾಗದ ಮುಖ್ಯಸ್ಥರ ಸಹಿ, ಮೊಹರು ಬಿದ್ದ ಆ ಒಂದು ಹಾಳೆ ಹಳ್ಳಿಯ ಮನೆಯೊಂದರಲ್ಲಿ ಪದಕಕ್ಕಿಂತ ಜೋಪಾನವಾಗಿ ಟ್ರಂಕಿನಲ್ಲಿರುತ್ತದೆ ಎಂದರೆ ಆಶ್ಚರ್ಯಪಡಬೇಕಿಲ್ಲ. ಹದಿನಾರರ ವಯಸ್ಸಿನ ಮಕ್ಕಳಿಗೆ ಈ ನಮೂನೆಗಳ ವಿಚಾರ ಗೊತ್ತಿರಲಾರದು. ಅವರ ಪಿಟಿ ಮಾಸ್ಟ್ರಿಗೆ ಚೆನ್ನಾಗಿ ಗೊತ್ತಿರುತ್ತದೆ. ಕಾಲೇಜನ್ನು ಆರಿಸುವುದು ಎಷ್ಟೋ ಸಲ ಅವರೇ.

ಫಾರ್ಮ್ 3 ಕೊಡುವುದು ಕಾಲೇಜಲ್ಲ, ವಿಶ್ವವಿದ್ಯಾಲಯ. ಆಳ್ವಾಸ್ ಕಾಲೇಜು ಸಂಯೋಜನೆಗೊಂಡಿರುವ ಮಂಗಳೂರು ವಿಶ್ವವಿದ್ಯಾಲಯದ ಯಾವ ಕಾಲೇಜಿನಲ್ಲಿದ್ದರೂ ಅದರ ತಂಡಕ್ಕೆ ಸೇರಬಹುದು. ಹಾಗಿದ್ದರೆ ಪೈಪೋಟಿಯೇ ಇಲ್ಲದ ಸಣ್ಣ ಕಾಲೇಜಿಗೆ ಸೇರಿ ಆರಾಮವಾಗಿ ಇರಬಹುದಲ್ಲ? ನನ್ನ ಪ್ರಕಾರ ಇಡೀ ವಿಷಯದ ಗುಟ್ಟು ಇರುವುದು ಇಲ್ಲೇ. ಅಂಥ ಕಾಲೇಜಿನಲ್ಲಿ ಒಬ್ಬರೇ ದೈಹಿಕ ಶಿಕ್ಷಣ ನಿರ್ದೇಶಕರು ವಾಲಿಬಾಲ್‌ನಿಂದ ಹೈಜಂಪ್‌ವರೆಗೆ ಎಲ್ಲವನ್ನೂ ನೋಡಿಕೊಳ್ಳಬೇಕು. ನಮ್ಮ ಓಟಗಾರ್ತಿ ಬೆಳಿಗ್ಗೆ ಒಬ್ಬಳೇ ಓಡಬೇಕು. 400 ಮೀಟರಿನ ಕೊನೆಯ 80 ಮೀಟರಿನಲ್ಲಿ ಕಾಲು ಕಲ್ಲಾಗುತ್ತದೆ. ಪಕ್ಕದ ಲೇನಿನಲ್ಲಿ ಇನ್ನೊಬ್ಬಳ ಉಸಿರು ಕೇಳಿಸುತ್ತಿದ್ದರೆ ಮಾತ್ರ ಅವಳು ಆ ನೋವಿನಲ್ಲೂ ವೇಗ ಬಿಡುವುದಿಲ್ಲ. ಸ್ಟಾಪ್‌ವಾಚ್ ಹಿಡಿದು ಎಷ್ಟು ಕೂಗಿದರೂ ಆ ಒತ್ತಡ ಹುಟ್ಟದು. ರಿಲೇಗಂತೂ ನಾಲ್ವರು ಬೇಕು, ಬ್ಯಾಸ್ಕೆಟ್‌ಬಾಲ್ ತಂಡಕ್ಕೆ 12 ಮಂದಿ ಬೇಕು. ಒಳ್ಳೆಯ ಕ್ರೀಡಾಪಟು ಆರಿಸುವುದು ತನ್ನನ್ನು ಸೋಲಿಸಬಲ್ಲ ಜೊತೆಗಾರರನ್ನು. ಕಾಲೇಜಿನ ಹೆಸರು ಆಮೇಲೆ ಬರುತ್ತದೆ. ಮೂಡುಬಿದಿರೆಯ ಚರಿತ್ರೆಯೂ ಇದೇ ಕ್ರಮದಲ್ಲಿ ನಡೆದಿದೆ. ಆಯುರ್ವೇದ ವೈದ್ಯರಾದ ಆಳ್ವರು ಅಲ್ಲಿ ಏಕಲವ್ಯ ಕ್ರೀಡಾ ಸಂಸ್ಥೆಯನ್ನು ಮೊದಲು ಕಟ್ಟಿದರು. ಆಳ್ವಾಸ್ ಶಿಕ್ಷಣ ಪ್ರತಿಷ್ಠಾನ ಬಂದದ್ದು 1995ರಲ್ಲಿ. ಮೊದಲ ತಂಡಗಳನ್ನು ಸೇರಿಸಲು ಊಟ-ವಸತಿಯ ಆಕರ್ಷಣೆ ಬೇಕಾಗಿರಬಹುದು. ಒಂದು ಮಟ್ಟ ದಾಟಿದ ಮೇಲೆ ಆಟಗಾರರೇ ಆಟಗಾರರನ್ನು ಕರೆತರುತ್ತಾರೆ.

ಇದಕ್ಕೆ ಆಕ್ಷೇಪಗಳಿಲ್ಲದಿಲ್ಲ. ಹೊರಗಿನವರನ್ನು ತಂದು ಪದಕ ಗೆಲ್ಲುವುದರಲ್ಲಿ ಏನು ದೊಡ್ಡಸ್ತಿಕೆ, ಊರಿನ ಮಕ್ಕಳ ಜಾಗ ಹೋಗುವುದಿಲ್ಲವೇ ಎಂಬುದು ಮೊದಲನೆಯದು. 2018ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದ 400 ಮೀಟರ್ ಹರ್ಡಲ್ಸ್‌ನಲ್ಲಿ 48.96 ಸೆಕೆಂಡಿನ ರಾಷ್ಟ್ರೀಯ ದಾಖಲೆಯೊಂದಿಗೆ ಬೆಳ್ಳಿ ಗೆದ್ದ ಧರುಣ್ ಅಯ್ಯಸಾಮಿ ತಮಿಳುನಾಡಿನ ತಿರುಪ್ಪೂರು ಜಿಲ್ಲೆಯವರು, ಆಳ್ವಾಸ್‌ನಲ್ಲಿ ಓದಿದವರು. ಅವರು ಬಂದಿದ್ದರಿಂದ ಕರಾವಳಿಯ ಯಾರೋ ಒಬ್ಬ ಹರ್ಡಲ್ಸ್ ಹುಡುಗನಿಗೆ ವಿಶ್ವವಿದ್ಯಾಲಯ ತಂಡ ತಪ್ಪಿರಲೂಬಹುದು. ಆದರೆ ಆ ಮಟ್ಟದ ಓಟಗಾರನ ಹಿಂದೆ ದಿನಾ ಓಡುವುದು ಸಣ್ಣ ಶಿಕ್ಷಣವಲ್ಲ. ಎಂಜಿನಿಯರಿಂಗ್ ಸೀಟಿಗೆ ಬೀದರಿನ ವಿದ್ಯಾರ್ಥಿ ವಾಮಂಜೂರಿಗೆ ಬಂದರೆ ಯಾರೂ ಹೊರಗಿನವನೆಂದು ಎಣಿಸುವುದಿಲ್ಲ; ಕಾಲಿನ ಪ್ರತಿಭೆಗೆ ಮಾತ್ರ ಊರಿನ ಗಡಿ ಯಾಕೋ!

ಎರಡನೆಯ ಆಕ್ಷೇಪ ಹೆಚ್ಚು ಗಟ್ಟಿಯಾದದ್ದು. ಪ್ರತಿಭೆಯೆಲ್ಲ ಒಂದೇ ಕಡೆ ಸೇರಿದರೆ ಅಂತರ ಕಾಲೇಜು ಕೂಟಗಳು ಸಪ್ಪೆಯಾಗುತ್ತವೆ, ಉಳಿದ ಕಾಲೇಜುಗಳ ಮೈದಾನದಲ್ಲಿ ಹುಲ್ಲು ಬೆಳೆಯುತ್ತದೆ. ಇದನ್ನು ಅಲ್ಲಗಳೆಯಲಾಗದು. ವಾಲಿಬಾಲ್‌ನಲ್ಲಿ ಉಜಿರೆಯ ಎಸ್‌ಡಿಎಂ ಕಾಲೇಜು ಬೆಳೆಸಿಕೊಂಡ ಪರಂಪರೆಯಂಥದ್ದು ಆಟಕ್ಕೊಂದು ಊರಿನಲ್ಲಿ ಇದ್ದಿದ್ದರೆ ಜಿಲ್ಲೆಗೆ ಒಳ್ಳೆಯದಿತ್ತು. ಒಂದೇ ದೊಡ್ಡ ಕೇಂದ್ರವಿದ್ದರೆ ಅದರ ಕಣ್ಣಿಗೆ ಬೀಳದವರು ಹೊರಗೇ ಉಳಿಯುತ್ತಾರೆ ಎಂಬುದಕ್ಕೆ ಇದೇ ದಾರಿಯಲ್ಲಿ ಒಂದು ಉದಾಹರಣೆಯಿದೆ. 2020ರ ಜನವರಿಯಲ್ಲಿ ಸ್ವರಾಜ್ಯ ಮೈದಾನದಲ್ಲಿ ಅಖಿಲ ಭಾರತ ಅಂತರ ವಿಶ್ವವಿದ್ಯಾಲಯ ಅಥ್ಲೆಟಿಕ್ಸ್ ನಡೆದು ಮಂಗಳೂರು ವಿಶ್ವವಿದ್ಯಾಲಯ ಸಮಗ್ರ ಪ್ರಶಸ್ತಿ ಗೆದ್ದಾಗ ದೇಶದ ಪತ್ರಿಕೆಗಳು ಅಷ್ಟಾಗಿ ಗಮನಿಸಲಿಲ್ಲ. ಮರುತಿಂಗಳು ಐಕಳ ಕಂಬಳದಲ್ಲಿ ಮಿಜಾರು ಅಶ್ವತ್ಥಪುರದ ಶ್ರೀನಿವಾಸ ಗೌಡ 142.5 ಮೀಟರ್ ಗದ್ದೆಯನ್ನು 13.62 ಸೆಕೆಂಡಿನಲ್ಲಿ ದಾಟಿದ್ದೇ ತಡ, ಉಸೇನ್ ಬೋಲ್ಟ್ ಹೆಸರೆತ್ತಿ ದೇಶವೇ ಕುಣಿಯಿತು. ಕೇಂದ್ರ ಕ್ರೀಡಾ ಸಚಿವರೇ ಟ್ರಯಲ್ಸಿಗೆ ಕರೆದರು. ಗೌಡರು ವಿನಯದಿಂದ ಒಲ್ಲೆನೆಂದರು: ಕೋಣಗಳ ಹಿಂದೆ ಕೆಸರಿನಲ್ಲಿ ಓಡುವುದೇ ಬೇರೆ, ಟ್ರ್ಯಾಕೇ ಬೇರೆ. ಆಗ ಅವರಿಗೆ 28ರ ಹರೆಯ, ಕಟ್ಟಡ ಕೆಲಸ ಮಾಡುತ್ತಿದ್ದರು. ಕ್ರೀಡಾ ದತ್ತಿನ ಬಾಗಿಲು ತೆರೆದಿರುವುದು ಹದಿನಾರು ಹದಿನೇಳರ ಮಕ್ಕಳಿಗೆ. ಅಷ್ಟರೊಳಗೆ ಶಾಲೆ ಬಿಟ್ಟವರಿಗೆ ಅದು ಪಕ್ಕದ ಊರಿನಲ್ಲಿದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ಇನ್ನು ಓದಿನ ಮಾತು. ಕೂಟದಿಂದ ಕೂಟಕ್ಕೆ ತಿರುಗುವ ಮಕ್ಕಳು ಏನು ಕಲಿತಾರು ಎನ್ನುವವರಿದ್ದಾರೆ. ಕಡಿಮೆ ಕಲಿಯುತ್ತಾರೆ, ಸರಿ. ಆದರೆ ಕಾಲೇಜು ಮೆಟ್ಟಿಲನ್ನೇ ಹತ್ತದೆ ಹೋಗಬಹುದಾಗಿದ್ದ ಹುಡುಗಿ ಅರೆಮನಸ್ಸಿನಿಂದಲಾದರೂ ಬಿ.ಎ. ಮುಗಿಸುವುದನ್ನು ನಷ್ಟದ ಖಾತೆಗೆ ಹಾಕುವುದು ನ್ಯಾಯವಲ್ಲ.

ಮೂಡುಬಿದಿರೆಗೆ ಈಗಿರುವ ನಿಜವಾದ ಪೈಪೋಟಿ ಜಿಲ್ಲೆಯೊಳಗಿನದಲ್ಲ. ಪಂಜಾಬಿನ ಲವ್ಲಿ ಪ್ರೊಫೆಷನಲ್, ಚಂಡೀಗಢ ವಿಶ್ವವಿದ್ಯಾಲಯ, ಭುವನೇಶ್ವರದ ಕಿಟ್‌ನಂಥ ಖಾಸಗಿ ವಿಶ್ವವಿದ್ಯಾಲಯಗಳು ಕ್ರೀಡಾಪಟುಗಳನ್ನು ಹುಡುಕಿ ಕರೆಯುತ್ತಿವೆ. ನೀರಜ್ ಚೋಪ್ರಾ ಹೆಸರು ಲವ್ಲಿಯ ವಿದ್ಯಾರ್ಥಿಪಟ್ಟಿಯಲ್ಲಿದೆ. ಈ ವಿಶ್ವವಿದ್ಯಾಲಯದವರಿಗೆ ಒಂದು ಅನುಕೂಲವಿದೆ: ಫಾರ್ಮ್ 3ಕ್ಕೆ ಸಹಿ ಮಾಡುವ ವಿಶ್ವವಿದ್ಯಾಲಯವೂ ಅವರೇ, ಹಾಸ್ಟೆಲ್ ನಡೆಸುವವರೂ ಅವರೇ. ಸಂಯೋಜಿತ ಕಾಲೇಜೊಂದಕ್ಕೆ ಆ ಅಧಿಕಾರ ಇಲ್ಲ. ಊಟ-ವಸತಿಯಲ್ಲಿ ಅವರನ್ನು ಸರಿಗಟ್ಟುವುದು ಕಷ್ಟವೇನಲ್ಲ. ಆದರೆ ಒಂದು ವಿಭಾಗದ ಮೂರು-ನಾಲ್ಕು ಅಗ್ರ ಓಟಗಾರರು ಒಟ್ಟಿಗೆ ಉತ್ತರಕ್ಕೆ ಹೊರಟರೆ, ಮರುವರ್ಷ ಹಾವೇರಿಯ ಪಿಟಿ ಮಾಸ್ಟ್ರು ತಮ್ಮ ಹುಡುಗಿಯನ್ನು ಎಲ್ಲಿಗೆ ಕಳಿಸಲಿ ಎಂದು ಮತ್ತೊಮ್ಮೆ ಲೆಕ್ಕ ಹಾಕುತ್ತಾರೆ.